ಕಾಲ್ನಡಿಗೆಯಲ್ಲಿ ಬಂದ ವಿದ್ಯಾರ್ಥಿ

ಉದ್ಯೋಗದ ಹೊರೆ ಇಳಿದ ಮೇಲೆ ಮನುಷ್ಯನ ಮನಸ್ಸು ಬಾಲ್ಯದ ಶಾಲೆಯ ಕಡೆಗೆ ಹೊರಳುವುದು ಸಹಜ. ಗುರುಗಳ ಗದರಿಕೆ, ಗೆಳೆಯರ ಮುಖ, ಪರೀಕ್ಷೆಯ ಹಿಂದಿನ ರಾತ್ರಿಯ ಕಳವಳ, ಇವೆಲ್ಲ ಬಾಳಿನ ಮುಸ್ಸಂಜೆಯಲ್ಲಿ ಒಂದೊಂದಾಗಿ ಕಣ್ಣ ಮುಂದೆ ಸುಳಿಯುತ್ತವೆ. ಹೆಚ್ಚಿನವರಿಗೆ ಅದು ಎಂದೋ ಬಿಟ್ಟು ಬಂದ ಊರಿನ ನೆನಪು. ಆದರೆ ಡಾ. ಎಚ್. ನರಸಿಂಹಯ್ಯನವರು ತಮ್ಮ ವಿದ್ಯಾರ್ಥಿದೆಸೆಯನ್ನು ನೆನೆಯಲು ದೂರ ಹೋಗಬೇಕಾಗಿರಲಿಲ್ಲ. ಅವರು ಅದನ್ನು ಬಿಟ್ಟು ಹೊರಟವರೇ ಅಲ್ಲ.

1920ರಲ್ಲಿ ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, ಕಡುಬಡತನದ ಮನೆಯಲ್ಲಿ ಅವರ ಜನನ. ಗೌರಿಬಿದನೂರಿನಲ್ಲಿ ಮಾಧ್ಯಮಿಕ ಶಾಲೆ ಮುಗಿಯಿತು. ಮುಂದೆ ಓದಬೇಕೆಂದರೆ ಅಲ್ಲಿ ಪ್ರೌಢಶಾಲೆಯೇ ಇರಲಿಲ್ಲ. ಬೆಂಗಳೂರಿಗೆ ಹೋಗೋಣವೆಂದರೆ ಕೈಯಲ್ಲಿ ಪ್ರಯಾಣದ ಖರ್ಚಿಗೆ ಕಾಸಿಲ್ಲ. ಹುಡುಗ ಹಿಂದೆಗೆಯಲಿಲ್ಲ. 1935ರಲ್ಲಿ ಸುಮಾರು 53 ಮೈಲಿ ದಾರಿಯನ್ನು ನಡೆದೇ ಸವೆಸಿ ರಾಜಧಾನಿಯನ್ನು ಸೇರಿದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಅವನಿಗೆ ಬಾಗಿಲು ತೆರೆಯಿತು. ಬಡ ವಿದ್ಯಾರ್ಥಿಗಳಿಗಾಗಿ ನಡೆಯುತ್ತಿದ್ದ ನಿಲಯವೊಂದು ಅನ್ನವನ್ನೂ ಆಸರೆಯನ್ನೂ ಕೊಟ್ಟಿತು.

ಮರುವರ್ಷ, 1936ರಲ್ಲಿ, ಗಾಂಧೀಜಿಯವರು ಆ ಶಾಲೆಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಭಾಗ್ಯ ಹಳ್ಳಿಯಿಂದ ಬಂದ ಈ ಬಾಲಕನದಾಯಿತು. ಅಂದಿನ ಆ ಪ್ರಭಾವ ಖಾದಿಯಾಗಿ ಮೈಮೇಲೆಯೂ ಸರಳತೆಯಾಗಿ ಬಾಳಿನಲ್ಲಿಯೂ ಕೊನೆಯವರೆಗೆ ಉಳಿಯಿತು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಚಳವಳಿ ಕರೆಯಿತು. ಪುಸ್ತಕವನ್ನು ಮುಚ್ಚಿಟ್ಟು ಸೆರೆಮನೆಗೆ ಹೋದರು. ಬಿಡುಗಡೆಯಾದ ಮೇಲೆ ಬಂದು ಮತ್ತೆ ಅದೇ ಪುಸ್ತಕವನ್ನು ತೆರೆದರು.

ಸ್ನಾತಕೋತ್ತರ ಪದವಿ ಪಡೆದ ತರುಣರನ್ನು ಸರ್ಕಾರಿ ನೌಕರಿಯೂ ನಿವೃತ್ತಿವೇತನದ ನೆಮ್ಮದಿಯೂ ಸೆಳೆಯುತ್ತಿದ್ದ ಕಾಲವದು. ನರಸಿಂಹಯ್ಯನವರು ಮಾತ್ರ 1946ರಲ್ಲಿ ತಮ್ಮ ಶಾಲೆಯ ಸೋದರ ಸಂಸ್ಥೆಯಾದ, ಆಗತಾನೆ ಕಣ್ಣುಬಿಟ್ಟಿದ್ದ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ವಿದ್ಯಾರ್ಥಿನಿಲಯದ ಒಂದು ಕೊಠಡಿಯೇ ಮನೆಯಾಯಿತು. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತಶಾಸ್ತ್ರದ ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಹಿಂದಿರುಗಿ ಬಂದದ್ದು ಅದೇ ಕಾಲೇಜಿಗೆ, ಅದೇ ಹುಡುಗರ ನಡುವಿಗೆ. 1961ರಲ್ಲಿ ಪ್ರಾಂಶುಪಾಲರಾದರು. ಮರುವರ್ಷ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿ, ವಿದ್ವಾಂಸರ ವಿಜ್ಞಾನವನ್ನು ಜನಸಾಮಾನ್ಯರ ಕಿವಿಗೆ ತಲುಪಿಸಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗಲೂ ನಿಲಯದ ಕೊಠಡಿಯ ನಂಟು ಕಡಿಯಲಿಲ್ಲ.

ಅಧಿಕಾರದ ಕುರ್ಚಿಯಿಂದಿಳಿದ ಮೇಲೆ ತಮ್ಮ ಬಾಳನ್ನು ಹಿಂದಿರುಗಿ ನೋಡಿ ಅವರು ಆತ್ಮಕಥೆಯನ್ನು ಬರೆದರು. ಅದಕ್ಕಿಟ್ಟ ಹೆಸರು ‘ಹೋರಾಟದ ಹಾದಿ’. ಹಾದಿ ಎಂಬ ಮಾತು ಅವರ ಪಾಲಿಗೆ ಬರಿಯ ಅಲಂಕಾರವಲ್ಲ. ಅಂಗಾಲು ಸವೆಸಿದ 53 ಮೈಲಿಗಳ ನಿಜವಾದ ನೆಲ.

ಆ ಹಾದಿಯನ್ನು ನೆನೆದು ಅವರು ನಿಟ್ಟುಸಿರಿಟ್ಟು ಸುಮ್ಮನಾಗಿದ್ದರೆ ಅದೊಂದು ಮನಮಿಡಿಯುವ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಪ್ರೌಢಶಾಲೆಯಿಲ್ಲದೆ ತಾವು ಬಿಟ್ಟು ಬರಬೇಕಾಗಿದ್ದ ಗೌರಿಬಿದನೂರಿನಲ್ಲಿ ಅವರ ಪ್ರಯತ್ನದಿಂದ ನ್ಯಾಷನಲ್ ಕಾಲೇಜೇ ತಲೆಯೆತ್ತಿತು, ಬಾಗೇಪಲ್ಲಿಯಲ್ಲಿ ಇನ್ನೊಂದು. ಆ ಸೀಮೆಯ ಮಕ್ಕಳು ಓದಿಗಾಗಿ ಬೆಂಗಳೂರಿನ ದಾರಿ ಹಿಡಿಯಲೇಬೇಕೆಂಬ ಕಟ್ಟು ತಪ್ಪಿತು.

2005ರ ಜನವರಿ 31ರಂದು ಅವರು ತೀರಿಕೊಂಡರು. ಪಡೆದ ವಿದ್ಯೆಯನ್ನು ಸ್ವಂತದ ಗಳಿಕೆಯೆಂದು ಎಣಿಸಿದವನಿಗೆ ನಿವೃತ್ತಿಯಲ್ಲಿ ಉಳಿಯುವುದು ನೆನಪು ಮಾತ್ರ. ಅದನ್ನು ತೀರಿಸಬೇಕಾದ ಋಣವೆಂದು ತಿಳಿದವನಿಗೆ ನಿವೃತ್ತಿಯೆಂಬುದೇ ಇಲ್ಲ. ತಾನು ನಡೆದ ದಾರಿ ಮುಂದಿನವರಿಗೆ ಅಷ್ಟು ದೂರವಾಗದಂತೆ ಮಾಡುವುದಕ್ಕಿಂತ ಮಿಗಿಲಾದ ಗುರುದಕ್ಷಿಣೆ ಬೇರೆ ಯಾವುದಿದ್ದೀತು?