ಪುತ್ತೂರಿನ ಪಿನ್‌ಕೋಡ್ ಒಡೆಯುವುದಿಲ್ಲ!

ಪ್ರಶ್ನೆ: ಪುತ್ತೂರು 574201, ಕಡಬ 574221, ಸುಳ್ಯ 574239. ಈ ಪಿನ್‌ಕೋಡ್‌ಗಳಲ್ಲಿ ಗಣಿತದ ವಿಶೇಷವೇನಾದರೂ ಇದೆಯೇ?

ಉತ್ತರ: 1972ರಲ್ಲಿ ಪಿನ್‌ಕೋಡ್ ಬಂದಾಗ ಅಂಚೆಯವರಿಗೆ ಬೇಕಿದ್ದದ್ದು ಕಾಗದ ಸರಿಯಾದ ಊರಿಗೆ ಮುಟ್ಟುವುದು, ಗಣಿತವಲ್ಲ. ಆದರೂ ಪುತ್ತೂರಿಗೆ ಅದೃಷ್ಟ ಒಲಿದಿದೆ.

ಮೊದಲು ಅಂಕಿಗಳನ್ನು ಕೂಡಿಸಿ. ಕಡಬಕ್ಕೆ 21, ಸುಳ್ಯಕ್ಕೆ 30. ಹಾಗಾಗಿ ಎರಡೂ 3ರಿಂದ ಭಾಗವಾಗುತ್ತವೆ, 9ರಿಂದ ಆಗುವುದಿಲ್ಲ. ಪುತ್ತೂರಿಗೆ 19, ಮೂರರ ಮಗ್ಗಿಗೆ ಸಿಗದು. ಅದರ ಹಿಂದಿನ ಸಂಖ್ಯೆ 574200 ಮಾತ್ರ ಬಲು ಉದಾರಿ: 8, 9, 25, 11, 29ರ ಗುಣಲಬ್ಧ. ಆದ್ದರಿಂದ 574201ನ್ನು ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ. ಉಳಿದ ಅವಿಭಾಜ್ಯಗಳನ್ನೂ ನೋಡಬೇಕಲ್ಲ? 758ರ ವರ್ಗ 574564, ನಮ್ಮ ಸಂಖ್ಯೆಗಿಂತ ದೊಡ್ಡದು. ಹಾಗಾಗಿ 757ರವರೆಗೆ ನೋಡಿದರೆ ಸಾಕು. ಅಲ್ಲಿಯವರೆಗಿನ 134 ಅವಿಭಾಜ್ಯಗಳಲ್ಲಿ ಒಂದರಿಂದಲೂ ಅದು ಒಡೆಯುವುದಿಲ್ಲ. 643ರ ಬಳಿ ಆಸೆ ಹುಟ್ಟುತ್ತದೆ, ಶೇಷ ಬರೀ 2! ಹೌದು, ಪುತ್ತೂರಿನದು ಅವಿಭಾಜ್ಯ ಸಂಖ್ಯೆ.

ನನಗೆ ಇನ್ನೂ ಇಷ್ಟವಾದದ್ದು ಬೇರೆ. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಬಗೆಯಲ್ಲಿ ಎಂದು 17ನೇ ಶತಮಾನದಲ್ಲಿ ಫರ್ಮಾ ಹೇಳಿದ್ದ. ಹಾಗೆ ಬರೆಯಬಹುದೆಂಬುದನ್ನು ಆಯ್ಲರ್ ಮುಂದೆ ಸಾಧಿಸಿದ. ಪುತ್ತೂರಿಗೆ ಆ ಜೋಡಿ 685 ಮತ್ತು 324: 469225 + 104976 = 574201. ಆ 324 ಕೂಡ 18ರ ವರ್ಗವೇ!

ಕಡಬ, ಸುಳ್ಯದವರು ಇಂಥ ಜೋಡಿ ಹುಡುಕುವುದು ಬೇಡ. 3ರಿಂದ ಭಾಗವಾಗಿ 9ರಿಂದ ಆಗದ ಯಾವ ಸಂಖ್ಯೆಯೂ ಎರಡು ವರ್ಗಗಳ ಮೊತ್ತವಾಗದು.