ಮಹಾರಾಣಿ ಶಾಲೆಗೆ ಬಂದ ಬಂಗಾಳದ ಹುಡುಗಿ

ಮೈಸೂರಿನ ಜೆಎಲ್‌ಬಿ ರಸ್ತೆಯಲ್ಲಿ ಮಹಾರಾಣಿ ಕಾಲೇಜಿನ ಮುಂದೆ ಓಡಾಡದವರು ಯಾರಿದ್ದಾರೆ? ಸಿಟಿ ಬಸ್ಸಿನ ಕಿಟಕಿಯಿಂದ ನೋಡುತ್ತೇವೆ, ಮುಂದೆ ಹೋಗುತ್ತೇವೆ. ಆ ಕಾಲೇಜಿನ ಬೇರು ಹುಡುಕುತ್ತ ಹೊರಟು ನೋಡಿ, ಅಬ್ಬಾ, ಮೈ ಜುಮ್ಮೆನ್ನುತ್ತದೆ!

ಶುರುವಾದದ್ದು 1881ರಲ್ಲಿ, ಹೆಣ್ಣುಮಕ್ಕಳ ಒಂದು ಶಾಲೆಯಾಗಿ. ಬ್ರಿಟಿಷರ 50 ವರ್ಷದ ನೇರ ಆಡಳಿತ ಮುಗಿದು ಹತ್ತನೆಯ ಚಾಮರಾಜ ಒಡೆಯರ ಕೈಗೆ ರಾಜ್ಯ ಮರಳಿದ್ದೂ ಅದೇ ವರ್ಷ. ಶಾಲೆ ತೆರೆದವರು ಅರಮನೆಯ ದರ್ಬಾರ್ ಬಕ್ಷಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರು. ಬೆನ್ನಿಗೆ ನಿಂತವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು.

ಎಂಥ ಕಾಲ ಅದು! ಶಾಲೆ ತೆರೆದು 13 ವರ್ಷವಾದ ಮೇಲೆ, 1894ರಲ್ಲಿ, ಮೈಸೂರು ಸರ್ಕಾರ ಒಂದು ಕಾಯಿದೆ ತಂದಿತು: ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಕೂಡದು. ಎಂಟು ವರ್ಷ! ಅಷ್ಟನ್ನೂ ಕಾನೂನು ಮಾಡಿಯೇ ತಡೆಯಬೇಕಿತ್ತು. ಅಂಥ ಊರಿನಲ್ಲಿ ಹುಡುಗಿಯ ಕೈಗೆ ಪುಸ್ತಕ ಕೊಟ್ಟ ನರಸಿಂಹ ಅಯ್ಯಂಗಾರ್ಯರನ್ನು ಮೈಸೂರು ಇನ್ನೂ ಎಷ್ಟೋ ಪಾಲು ಹೆಚ್ಚಾಗಿ ನೆನೆಯಬೇಕು ಎಂದು ನನಗೆ ಅನ್ನಿಸುತ್ತದೆ.

ಆ ಕಾಯಿದೆ ಬಂದ ವರ್ಷದ ಕೊನೆಗೆ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಆಗಿನ್ನೂ ಹತ್ತು ವರ್ಷದ ಬಾಲಕ. 1902ರವರೆಗೆ ರೀಜೆಂಟ್ ಆಗಿ ರಾಜ್ಯಭಾರ ಹೊತ್ತವರು ಕೆಂಪನಂಜಮ್ಮಣ್ಣಿಯವರೇ. ಶಾಲೆ ಬೆಳೆದು ಕಾಲೇಜಾದದ್ದು 1901ರಲ್ಲಿ, ಅಂದರೆ ಅವರ ಆಳ್ವಿಕೆಯಲ್ಲೇ! ಸಂಸ್ಥಾನದ ಮೊದಲ ಮಹಿಳಾ ಪದವೀಧರರ ಸಾಲಿನಲ್ಲಿರುವ ಕೆ.ಡಿ. ರುಕ್ಮಿಣಿಯಮ್ಮ ಇಲ್ಲಿ ಓದಿದವರು.

ಆದರೆ ನನ್ನನ್ನು ನಿಂತಲ್ಲೇ ನಿಲ್ಲಿಸಿದ ಸಂಗತಿ ಬೇರೆ. 1890ರ ದಶಕದಲ್ಲಿ ಈ ಶಾಲೆಗೆ ಪಾಠ ಹೇಳಲು ಕಲ್ಕತ್ತೆಯಿಂದ ಒಬ್ಬ ತರುಣಿ ಬಂದರು. ಬೆಥೂನ್ ಕಾಲೇಜಿನಲ್ಲಿ ಓದಿ 1890ರಲ್ಲೇ ಬಿ.ಎ. ಮಾಡಿದ್ದವರು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಗಂಡಸರ ಹಾಗೆ ತಾನೂ ದುಡಿದು ಬದುಕಬೇಕೆಂಬ ಛಲ! ಮದುವೆಯ ಮಾತನ್ನು ಪಕ್ಕಕ್ಕಿಟ್ಟು, ದೇಶದ ಈ ತುದಿಯವರೆಗೆ ನೌಕರಿಗೆ ಬಂದ ಆಕೆ ಸರಳಾದೇವಿ ಘೋಷಾಲ್. ತಾಯಿ, ಕಾದಂಬರಿಗಾರ್ತಿ ಸ್ವರ್ಣಕುಮಾರಿ ದೇವಿ. ಸೋದರಮಾವ? ರವೀಂದ್ರನಾಥ ಠಾಕೂರ್!

ಅವರು ಇಲ್ಲಿ ಬಹುಕಾಲ ನಿಲ್ಲಲಿಲ್ಲ. ಮುಂದೆ ‘ಭಾರತಿ’ ಪತ್ರಿಕೆಯ ಸಂಪಾದಕಿಯಾದರು, 1910ರಲ್ಲಿ ಭಾರತ ಸ್ತ್ರೀ ಮಹಾಮಂಡಲ ಕಟ್ಟಿದರು. ಅವರ ಆತ್ಮಕಥೆ ‘ಜೀವನೇರ್ ಝರಾಪಾತಾ’ದಲ್ಲಿ ಮೈಸೂರಿನ ಮಾತು ಬರುತ್ತದೆ. ಆಕೆಗೆ ಸಂಗೀತದ ಹುಚ್ಚು. ಎಲ್ಲಿ ಹೊಸ ಧಾಟಿ ಕಿವಿಗೆ ಬಿದ್ದರೂ ಕಲಿತು, ರವಿಮಾವನಿಗೆ ಹಾಡಿ ತೋರಿಸುವವರೆಗೆ ಸಮಾಧಾನವಿಲ್ಲ. ಮೈಸೂರಿನಿಂದಲೂ ಹಾಗೆಯೇ ಧಾಟಿಗಳನ್ನು ಹೊತ್ತು ತಂದೆ, ಅವಕ್ಕೆ ರವಿಮಾವ ಬಂಗಾಳಿ ಸಾಹಿತ್ಯ ಕೂರಿಸಿದರು ಎನ್ನುತ್ತಾರೆ. ‘ಏ ಕಿ ಲಾವಣ್ಯೇ’, ‘ಚಿರಬಂಧು ಚಿರನಿರ್ಭರ’, ‘ಏಸೋ ಹೇ ಗೃಹದೇವತಾ’ ಎಲ್ಲವೂ ಹಾಗೆ ಹುಟ್ಟಿದವು!

ಇನ್ನೊಂದು ಹಾಡಂತೂ ಬಂಗಾಳಿಗಳ ಮನೆಮಾತು: ‘ಆನಂದಲೋಕೇ ಮಂಗಳಾಲೋಕೇ’. ಅಲ್ಲಿ ಎಷ್ಟೋ ಸಭೆ ಸಮಾರಂಭಗಳಿಗೆ ಅದೇ ಪ್ರಾರ್ಥನೆ. ಅದರ ಮೂಲ ಧಾಟಿ ಯಾವುದೆಂದು ರವೀಂದ್ರ ಸಂಗೀತ ಬಲ್ಲವರನ್ನು ಕೇಳಿ. ‘ಮಹೀಶೂರಿ ಭಜನ್’ ಎನ್ನುತ್ತಾರೆ.