ಮಂಡಿಯೊಳಗೊಂದು ಕಿಟಕಿ

ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಉಂಡು ಬೆಳೆದವರಿಗೆ ಮಂಡಿಯ ಬೆಲೆ ತಿಳಿಯುವುದು, ಅದು ಮಡಿಸಲು ಒಲ್ಲೆನೆಂದು ಹಟ ಹಿಡಿದ ದಿನವೇ. ಅಂದಿನಿಂದ ಊಟ ಮೇಜಿಗೇರುತ್ತದೆ. ಪೂಜೆಗೂ ಕುರ್ಚಿ ಬೇಕಾಗುತ್ತದೆ. ನಮ್ಮಂತೆಯೇ ನೆಲದ ಮೇಲೆ ಕೂರುವ ಜಪಾನೀಯರೂ ಈ ಸಂಕಟವನ್ನು ಚೆನ್ನಾಗಿ ಬಲ್ಲರು. ಇಂದು ಲೋಕದಾದ್ಯಂತ ಶಸ್ತ್ರವೈದ್ಯರು ಬಳಸುವ ಒಂದು ವಿದ್ಯೆಗೆ ಆ ಸಂಕಟವೇ ಮೂಲವಾಯಿತು.

ಆ ಕಾಲದಲ್ಲಿ ಕ್ಷಯರೋಗವು ಮಂಡಿಗೂ ತಗುಲಿ, ಕೀಲು ಕೊರಡಿನಂತೆ ಬಿಗಿದುಕೊಳ್ಳುತ್ತಿತ್ತು. ಚಾಪೆಯ ಮೇಲೆ ಮಂಡಿಯೂರಿ ಕೂರಲಾರದವನಿಗೆ ಜಪಾನೀ ಸಮಾಜದಲ್ಲಿ ಹೆಜ್ಜೆಹೆಜ್ಜೆಗೂ ತೊಡಕು. ರೋಗವನ್ನು ಮೊದಲೇ ಗುರುತಿಸಬೇಕೆಂಬ ಹಂಬಲದಿಂದ, ಟೋಕಿಯೋ ವಿಶ್ವವಿದ್ಯಾನಿಲಯದ ವೈದ್ಯ ಕೆಂಜಿ ತಕಾಗಿ ಅವರು 1918ರಲ್ಲಿ, ಮೂತ್ರಕೋಶವನ್ನು ಪರೀಕ್ಷಿಸುವ ನಳಿಗೆಯನ್ನು ಶವವೊಂದರ ಮಂಡಿಯೊಳಗೆ ಇಳಿಸಿ ನೋಡಿದರು. ಕೀಲುದರ್ಶನದ, ಅಂದರೆ ಆರ್ಥ್ರೋಸ್ಕೋಪಿಯ ಬೀಜ ಮೊಳೆತುದು ಹೀಗೆ. ಅವರ ಶಿಷ್ಯ ಮಸಾಕಿ ವಾತಾನಾಬೆ ಅವರು ಯುದ್ಧಾನಂತರದ ಬಡತನದಲ್ಲಿಯೂ ಎದೆಗುಂದದೆ, ನಳಿಗೆಯನ್ನು ಮತ್ತೆ ಮತ್ತೆ ತಿದ್ದಿ, 21ನೆಯ ಮಾದರಿಯಲ್ಲಿ ಜಯ ಪಡೆದರು. 1962ರ ಮೇ 4ರಂದು, ಬ್ಯಾಸ್ಕೆಟ್‌ಬಾಲ್ ಆಡುವಾಗ ಮಂಡಿ ತಿರುಚಿಕೊಂಡಿದ್ದ 17 ವರ್ಷದ ಹುಡುಗನ ಹರಿದ ಮೃದ್ವಸ್ಥಿಯ ಚೂರನ್ನು ಕೀಲನ್ನು ತೆರೆಯದೆಯೇ ಹೊರತೆಗೆದರು.

ಎರಡು ವರ್ಷ ಕಳೆದು, 1964ರಲ್ಲಿ, ಟೋಕಿಯೋದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದುವು. ಹೆಚ್ಚಿನ ವ್ಯಾಸಂಗಕ್ಕೆಂದು ಬಂದಿದ್ದ ಟೊರಾಂಟೋದ ಶಸ್ತ್ರವೈದ್ಯ ರಾಬರ್ಟ್ ಜಾಕ್ಸನ್ ಅವರು ಕೆನಡಾ ತಂಡದ ವೈದ್ಯರೂ ಆಗಿದ್ದರು. ಆಗ ಅವರಿಗೆ 32 ವರ್ಷ. ಅವರು ವಾತಾನಾಬೆಯವರನ್ನು ಟೋಕಿಯೋದ ತೇಶಿನ್ ಆಸ್ಪತ್ರೆಯಲ್ಲಿ ಕಂಡು ಶಿಷ್ಯರಾದರು. ಗುರುದಕ್ಷಿಣೆ ಏನು ಗೊತ್ತೆ? ಇಂಗ್ಲಿಷ್ ಪಾಠ! ಒಬ್ಬರು ಮಂಡಿಯ ಒಳಗನ್ನು ತೋರಿಸಿದರು, ಇನ್ನೊಬ್ಬರು ಭಾಷೆ ಕಲಿಸಿದರು.

ಕಲಿಯುವುದೇನೂ ಸುಲಭವಾಗಿರಲಿಲ್ಲ. ಕತ್ತರಿಸಿ ತೆರೆದು, ಕಣ್ಣಾರೆ ಕಂಡು ಕೆಲಸ ಮಾಡಿದ ಕೈಗೆ ಇಲ್ಲಿ ಕಾಣುವುದು ನಳಿಗೆಯ ತುದಿಯ ಪುಟ್ಟ ದೀಪದ ಬೆಳಕಿನಲ್ಲಿ ಒಂದು ಸಣ್ಣ ವೃತ್ತ ಮಾತ್ರ. ಆ ದೀಪವೋ ಕೀಲಿನೊಳಗೇ ಒಡೆದುಹೋಗುವ ಭಯ ಬೇರೆ. ಕಣ್ಣು ಒಂದೆಡೆ, ಕೈ ಇನ್ನೊಂದೆಡೆ. ಇವೆರಡನ್ನೂ ಹೊಂದಿಸುವ ಹದ ಪುಸ್ತಕದಿಂದ ಬರುವಂಥದಲ್ಲ. ಗುರುವಿನ ಪಕ್ಕದಲ್ಲಿ ನಿಂತೇ ಅದನ್ನು ಪಡೆಯಬೇಕು.

1965ರಲ್ಲಿ ಜಾಕ್ಸನ್ ಆ ವಿದ್ಯೆಯೊಡನೆ ಊರಿಗೆ ಮರಳಿದರು. ಬೀಗದ ಕಿಂಡಿಯಲ್ಲಿ ಇಣುಕುವುದೇಕೆ, ಬಾಗಿಲನ್ನೇ ತೆರೆಯಬಾರದೆ ಎಂಬಂತಹ ಸಂದೇಹ ಅನೇಕ ವೈದ್ಯರಲ್ಲಿತ್ತು. ಜಾಕ್ಸನ್ ವಾದಕ್ಕಿಳಿಯುವುದಕ್ಕಿಂತ ಹೆಚ್ಚಾಗಿ ಮಾಡಿ ತೋರಿಸಿದರು, ಬಂದವರಿಗೆ ಕಲಿಸಿದರು. ವಾರಗಟ್ಟಲೆ ಊರುಗೋಲು ಹಿಡಿಯಬೇಕಾಗಿದ್ದ ಎಷ್ಟೋ ರೋಗಿಗಳು ಮುಂದೆ ಅದೇ ದಿನ ಮನೆಗೆ ಹೋಗುವಂತಾಯಿತು. 1974ರಲ್ಲಿ ಅಂತರರಾಷ್ಟ್ರೀಯ ಆರ್ಥ್ರೋಸ್ಕೋಪಿ ಸಂಘ ಸ್ಥಾಪಿತವಾದಾಗ ಮೊದಲ ಅಧ್ಯಕ್ಷಪದವಿ ವಾತಾನಾಬೆಯವರಿಗೆ ಸಂದಿತು.

ಪೂರ್ವದಲ್ಲಿ ಕೀಲನ್ನು ನೋಡುವ ವಿದ್ಯೆ ಬೆಳೆಯುತ್ತಿದ್ದಾಗ, ಸವೆದ ಕೀಲನ್ನೇ ಬದಲಿಸುವ ವಿದ್ಯೆ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ರೂಪುಗೊಳ್ಳುತ್ತಿತ್ತು. ಅಲ್ಲಿ ಜಾನ್ ಚಾರ್ನ್ಲೀ ಅವರು ಸೊಂಟದ ಕೀಲಿಗೆ ಮೊದಲು ಅಳವಡಿಸಿದ ಟೆಫ್ಲಾನ್ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದುಹೋದುವು. ಅವರು ಸೋಲನ್ನು ಮುಚ್ಚಿಡಲಿಲ್ಲ. ಆ ವಸ್ತುವಿನ ಪುಡಿಯನ್ನು ತಮ್ಮ ತೊಡೆಗೇ ಚುಚ್ಚಿಕೊಂಡು ಪರೀಕ್ಷಿಸಿದರು. 1962ರ ನವೆಂಬರಿನಲ್ಲಿ ಪಾಲಿಎಥಿಲೀನ್ ಬಟ್ಟಲಿನಿಂದ ಗೆದ್ದರು. ಆದರೂ ಕೃತಕ ಕೀಲನ್ನು ಕೇಳಿದವರಿಗೆಲ್ಲ ಕೊಡಲಿಲ್ಲ. ತಮ್ಮಲ್ಲಿಗೆ ಬಂದು ಕಲಿತ ಶಸ್ತ್ರವೈದ್ಯರಿಗೆ ಮಾತ್ರ ಅದು ದೊರೆಯಬೇಕೆಂಬುದು ಅವರ ಮೊದಲ ಕಟ್ಟಳೆಯಾಗಿತ್ತು. ಹೆಸರಾಂತ ವೈದ್ಯರೂ ಅಲ್ಲಿ ಮತ್ತೆ ವಿದ್ಯಾರ್ಥಿಗಳಾದರು.

ಯಾವ ವಿದ್ಯೆಗೂ ಮೇರೆಯುಂಟು. ವಯಸ್ಸಿನಿಂದ ಸವೆದ ಮಂಡಿಯನ್ನು ನಳಿಗೆಯ ಮೂಲಕ ತೊಳೆದು ಕೆರೆದರೆ ನೋವು ಹೋಗುವುದೆಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವು, ಬರಿಯ ಚರ್ಮವನ್ನು ಕೊಯ್ದು ಹೊಲಿದವರಿಗಿಂತ ಇಂಥವರಿಗೆ ಹೆಚ್ಚಿನ ಉಪಶಮನವೇನೂ ದೊರೆಯಲಿಲ್ಲವೆಂದು ತೋರಿಸಿತು. ತೀರ ಸವೆದ ಮಂಡಿಗೆ ಕೀಲು ಬದಲಾವಣೆಯೇ ಬೇಕಾಗಬಹುದು. ಎಷ್ಟೋ ಮಂಡಿಗಳಿಗೆ ವ್ಯಾಯಾಮವೂ ತೂಕದ ಇಳಿಕೆಯೂ ಸಾಕಾಗಬಹುದು. ಯಾವುದು ಯಾರಿಗೆಂದು ಅರಿಯುವುದೂ ಶಸ್ತ್ರವೈದ್ಯನ ಕಲಿಕೆಯ ಭಾಗವೇ.

ಜಾಕ್ಸನ್ 2010ರಲ್ಲಿ ತೀರಿಕೊಂಡರು. ಅವರು ಜಪಾನಿಗೆ ಹೋಗುವಾಗಲೇ ನುರಿತ ವೈದ್ಯರು. ಆದರೂ ಭಾಷೆ ತಿಳಿಯದ ನಾಡಿನಲ್ಲಿ, ತನಗೆ ಬಾರದುದೊಂದು ಇಲ್ಲಿದೆಯೆಂದು ಒಪ್ಪಿಕೊಂಡು ಒಬ್ಬ ಗುರುವಿನ ಮುಂದೆ ವಿನಯದಿಂದ ನಿಂತರು. ಅಂದು ಅವರು ತೋರಿದ ಆ ವಿನಯದ ಫಲವನ್ನು ಇಂದು ಎಷ್ಟೋ ಮನೆಗಳವರು, ಮತ್ತೆ ಸಲೀಸಾಗಿ ಮೆಟ್ಟಿಲು ಹತ್ತುವಾಗ, ತಮಗರಿಯದೆಯೇ ಉಣ್ಣುತ್ತಿದ್ದಾರೆ.